ಗಾಳಕ್ಕೆ ಬಿದ್ದ ಮೀನಿನ ಹೆಸರು

ಕನ್ನಡ ನಿಘಂಟಿನಲ್ಲಿ ಮೀನಿನ ಹೆಸರೊಂದನ್ನು ಹುಡುಕಿದವರಿಗೆ ಬಹುಮಟ್ಟಿಗೆ ಸಿಗುವ ಉತ್ತರ ಒಂದೇ: ‘ಒಂದು ಜಾತಿಯ ಮೀನು’. ಹಳಗನ್ನಡ ಕಾವ್ಯದ ಟಿಪ್ಪಣಿಯಲ್ಲಾದರೆ ‘ಮತ್ಸ್ಯವಿಶೇಷ’. ಐಚ್ಛಿಕ ಕನ್ನಡದ ವಿದ್ಯಾರ್ಥಿ ಅದನ್ನು ಹಾಗೆಯೇ ಉತ್ತರಪತ್ರಿಕೆಗೆ ಇಳಿಸುತ್ತಾನೆ, ಅಂಕವೂ ಬರುತ್ತದೆ. ಮೀನು ಮಾತ್ರ ನೀರಿನಲ್ಲೇ ಉಳಿಯುತ್ತದೆ. ಅದಕ್ಕೆ ಮೀಸೆ ಇದೆಯೇ, ಹುರುಪೆ ಇದೆಯೇ, ಅದು ಹೊಳೆಯದೋ ಕಡಲಿನದೋ ಎಂಬುದನ್ನು ಕೇಳುವ ಅಭ್ಯಾಸ ಕನ್ನಡ ತರಗತಿಗಳಲ್ಲಿ ಬೆಳೆದಿಲ್ಲ. ಹಕ್ಕಿ, ಗಿಡ, ಹುಳುಗಳ ಪಾಡೂ ಇದೇ.

ಗಾಳ ಹಾಕುವವನ ಸ್ಥಿತಿ ಇದಕ್ಕೆ ತಿರುಗುಮುರುಗು. ನಿಘಂಟಿನಲ್ಲಿ ಹೆಸರಿದೆ, ಮೀನಿಲ್ಲ. ಅವನ ಕೈಯಲ್ಲಿ ಮೀನಿದೆ, ಹೆಸರಿಲ್ಲ. ಹವ್ಯಾಸಕ್ಕೆಂದು ದೋಣಿಯಲ್ಲಿ ಆಳಕಡಲಿಗೆ ಹೋದವನಾಗಲಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಕೋಲು ಹಿಡಿದು ಕೂತವನಾಗಲಿ, ಕಂಡರಿಯದ ಮೀನೊಂದು ಮೇಲೆ ಬಂದಾಗ ಮೊದಲು ಕೇಳುವುದು ‘ಇದು ಯಾವ ಮೀನು?’ ಎಂದೇ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಬೇರೆ ಪ್ರಶ್ನೆಗಳಿವೆ: ತಿನ್ನಬಹುದೇ, ಇಟ್ಟುಕೊಳ್ಳಬಹುದೇ, ನೀರಿಗೆ ಮರಳಿ ಬಿಡಬೇಕೇ, ಇದು ಈ ನೀರಿನದೇ ಅಥವಾ ಬೇರೆಲ್ಲಿಂದಲೋ ಬಂದದ್ದೇ? ಹೆಸರು ತಪ್ಪಿದರೆ ಈ ಎಲ್ಲದರ ಉತ್ತರವೂ ತಪ್ಪುತ್ತದೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುವ ಪೆರಿಯಾರ್ ನದಿಗೆ ಪೆನ್ನಿಕ್ವಿಕ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ಕಟ್ಟಿದ ಅಣೆ 1895ರಲ್ಲಿ ಮುಗಿಯಿತು. ಅಂದಿನಿಂದ ಆ ನೀರು ಬೆಟ್ಟದೊಳಗಿನ ಸುರಂಗದಲ್ಲಿ ಪೂರ್ವಕ್ಕೆ ತಿರುಗಿ ಕಂಬಂ ಕಣಿವೆಗೆ ಇಳಿದು, ಭತ್ತಕ್ಕೂ ದ್ರಾಕ್ಷಿಗೂ ಉಣಿಸಿ, ವೈಗೈ ನದಿಯನ್ನು ಸೇರುತ್ತಿದೆ. ಆಂಡಿಪಟ್ಟಿಯ ಬಳಿ ವೈಗೈಗೆ ಅಡ್ಡಲಾಗಿ ಅಣೆಕಟ್ಟು ಆದದ್ದು 1959ರಲ್ಲಿ. ಹೀಗೆ ಎರಡು ಕಡಲುಗಳ ಕಡೆಗೆ ಬೇರೆ ಬೇರೆಯಾಗಿ ಹರಿಯಬೇಕಾದ ನೀರು ಇಲ್ಲಿ ಒಂದಾಗಿದೆ. ಪೆರಿಯಾರಿನ ಮೀನು ಯಾವುದು, ವೈಗೈಯದು ಯಾವುದು ಎಂದು ಗೆರೆ ಎಳೆಯುವುದು ಇಲ್ಲಿ ಸುಲಭದ ಕೆಲಸವಲ್ಲ. ಕಣಿವೆಯ ಉತ್ತರಕ್ಕೆ ಪಳನಿ ಬೆಟ್ಟಗಳಿವೆ. ಅವುಗಳ ಆಚೆ ಇಳಿಜಾರಿನ ಷಣ್ಮುಖನದಿ, ನಂಗಾಂಜಿ, ಕೊಡವನಾರುಗಳು ದಿಂಡಿಗಲ್ ಜಿಲ್ಲೆಯನ್ನು ಹಾದು ಅಮರಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತವೆ. ಕನ್ನಡ ವಿದ್ಯಾರ್ಥಿ ದೂರದ ಊರೆಂದು ಎಣಿಸುವ ದಿಂಡಿಗಲ್ಲಿನ ಮಳೆನೀರಿನ ಒಂದು ಪಾಲು ತಲಕಾವೇರಿಯ ನೀರಿನೊಂದಿಗೇ ಕಡಲು ಕಾಣುತ್ತದೆ.

ಮಾತಿನ ವಿಷಯದಲ್ಲೂ ಆ ಸೀಮೆ ಅಷ್ಟೇ ಬೆರಕೆಯದು. ತೇನಿ, ಕಂಬಂ, ದಿಂಡಿಗಲ್ಲುಗಳ ಸುತ್ತ ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರು, ಅನುಪ್ಪರು ತಲೆಮಾರುಗಳಿಂದ ಇದ್ದಾರೆ. ಥರ್ಸ್ಟನ್ನನ 1909ರ ಗ್ರಂಥವೇ ಈ ಇಬ್ಬರನ್ನೂ ಕನ್ನಡದ ಜನವೆಂದು ಗುರುತಿಸಿದೆ. ಅವರ ಓದುಬರಹ ತಮಿಳಿನಲ್ಲಿ. ಕನ್ನಡ ಬಾಯಿಯ ಮಾತು ಮಾತ್ರ. ಬೇಸಾಯದ, ನೀರಿನ, ಮೀನಿನ ಪದಗಳು ಅಂಥ ಮಾತಿನಲ್ಲಿ ಎಷ್ಟು ಕಾಲ ನಿಲ್ಲುತ್ತವೆ ಎಂಬುದು ಭಾಷಾಶಾಸ್ತ್ರದ ಪ್ರಶ್ನೆಯೂ ಹೌದು, ಮಾನವ್ಯದ ಪ್ರಶ್ನೆಯೂ ಹೌದು. ಸಂತೆಯಲ್ಲಿ ತಮಿಳರು ‘ಕೆಂಡೈ’ ಎನ್ನುವ ಮೀನು ಕನ್ನಡದಲ್ಲಿ ‘ಗೆಂಡೆ’. ಮೊದಲ ಅಕ್ಷರದ ಕಕಾರ–ಗಕಾರಗಳ ವ್ಯತ್ಯಾಸ ವಿದ್ಯಾರ್ಥಿಗೆ ದ್ರಾವಿಡ ಭಾಷೆಗಳ ಪಾಠದಿಂದ ಪರಿಚಿತವೇ. ಕರ್ನಾಟಕದ ಮೀನುಗಾರಿಕೆ ಇಲಾಖೆ ಹೊರದೇಶದಿಂದ ಬಂದ ಮೀನುಗಳಿಗೆ ‘ಸಾಮಾನ್ಯ ಗೆಂಡೆ’, ‘ಹುಲ್ಲುಗೆಂಡೆ’, ‘ಬೆಳ್ಳಿಗೆಂಡೆ’ ಎಂದು ಹೆಸರಿಟ್ಟು ಈ ಹಳೆಯ ಪದಕ್ಕೆ ಹೊಸ ಬದುಕು ಕೊಟ್ಟಿತು. ಸರಕಾರಿ ಪಾರಿಭಾಷಿಕ ಪದಗಳಲ್ಲಿ ಇಷ್ಟು ಸಲೀಸಾಗಿ ಬಾಯಿಗೆ ಬರುವವು ಅಪರೂಪ.

ಜನ ತಾವೇ ಹೆಸರಿಡುವ ರೀತಿ ಇನ್ನೂ ಸ್ವಾರಸ್ಯದ್ದು. ಆಫ್ರಿಕಾ ಮೂಲದ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಕೆಲವೇ ದಶಕಗಳಲ್ಲಿ ಅದು ದಕ್ಷಿಣದ ಕೆರೆ, ಜಲಾಶಯಗಳಲ್ಲೆಲ್ಲ ತುಂಬಿಕೊಂಡಿತು. ಗಾಳಕ್ಕೆ ಬಿದ್ದ ಈ ಅಪರಿಚಿತನಿಗೆ ತಮಿಳು ನಾಡಿನ ಜನ ಇಟ್ಟ ಹೆಸರು ‘ಜಿಲೇಬಿ’. ವಿದ್ವಾಂಸರ ಸಮಿತಿಯೊಂದು ಕೂತಿದ್ದರೆ ಈ ಹೆಸರು ಖಂಡಿತ ಹುಟ್ಟುತ್ತಿರಲಿಲ್ಲ. ಹೆಸರು ಬಂದಿತು, ಮೀನು ಮನೆಯದಾಯಿತು. ಅದು ಹೊರಗಿನದೆಂಬ ನೆನಪು ಮಾತ್ರ ಆ ಹೆಸರಿನ ಹಿಂದೆ ಮರೆಯಾಯಿತು. ಇಂದು ಅದು ಇಲ್ಲಿಯ ಮೀನೇ ಎಂದು ನಂಬಿದವರು ಬಹಳ.

ಇನ್ನು ಶಾಸ್ತ್ರಜ್ಞರಿಗೆ ಅಪರಿಚಿತ ಮೀನು ಒಡ್ಡುವ ಸವಾಲು. ಪೆರಿಯಾರಿನ ಮೇಲ್ಭಾಗದ ಹೊಳೆಗಳಲ್ಲಿ ಮಾತ್ರ ಇರುವ ಒಂದು ಮೀನನ್ನು ಸುಂದರರಾಜ್ ಎಂಬ ಮತ್ಸ್ಯವಿಜ್ಞಾನಿ 1941ರಲ್ಲಿ ವರ್ಣಿಸಿ ‘ಲೆಪಿಡೊಪೈಗಾಪ್ಸಿಸ್ ಟೈಪಸ್’ ಎಂದು ಕರೆದರು. ಅದರ ಹಿಂಬದಿಯಲ್ಲಿ, ಗುದದ ರೆಕ್ಕೆಯ ಬುಡದಲ್ಲಿ, ದೊಡ್ಡ ಹುರುಪೆಗಳ ಸಾಲಿದೆ. ಗ್ರೀಕ್ ಹೆಸರು ಹೇಳುವುದೂ ಅದನ್ನೇ. ಅಂಥ ಹುರುಪೆಗಳು ಹಿಮಾಲಯದ ತಣ್ಣೀರಿನ ಮೀನುಗಳ ಲಕ್ಷಣವಾದ್ದರಿಂದ ಇದನ್ನು ಆ ಬಳಗದ್ದೇ ಎಂದು ಬಹುಕಾಲ ನಂಬಲಾಗಿತ್ತು. ಹಿಮಾಲಯದ ನೆಂಟ ಕೇರಳದ ಗಡಿಯಲ್ಲಿ ಹೇಗೆ ಎಂಬುದು ದೊಡ್ಡ ಒಗಟಾಗಿಯೂ ಇತ್ತು. ಈಚಿನ ವಂಶವಾಹಿ ಅಧ್ಯಯನಗಳು ಅದನ್ನು ದಕ್ಷಿಣದ ಮಶೀರ್ ಮೀನುಗಳ ಬಳಗದಲ್ಲಿ ಕೂರಿಸಿವೆ. ಕಣ್ಣಿಗೆ ಕಂಡ ಹೋಲಿಕೆ ರಕ್ತಸಂಬಂಧವಾಗಬೇಕಿಲ್ಲ. ಎರಡು ಭಾಷೆಗಳಲ್ಲಿ ಒಂದೇ ಬಗೆಯಾಗಿ ಕೇಳುವ ಪದಗಳನ್ನು ಕಂಡ ಕೂಡಲೇ ಜ್ಞಾತಿಪದಗಳೆಂದು ಬರೆಯುವ ವಿದ್ಯಾರ್ಥಿಗಳು ಈ ಮೀನನ್ನು ನೆನಪಿಟ್ಟುಕೊಳ್ಳಬಹುದು.

ಮಶೀರಿನ ಮಾತು ಬಂದ ಮೇಲೆ ಕಾವೇರಿಗೆ ಹೋಗದೆ ವಿಧಿಯಿಲ್ಲ. ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಕಠೋರವಾದ ನಿದರ್ಶನ ಕನ್ನಡ ನಾಡಿನಲ್ಲಿ ಬೇರೆ ಇಲ್ಲ.

ಮೋಜಿಗಾಗಿ ಗಾಳ ಹಾಕುವುದು ಇಂಗ್ಲಿಷರು ತಂದ ಹವ್ಯಾಸವೆಂಬ ಗ್ರಹಿಕೆ ಸಾಮಾನ್ಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದವೂ ಇದೆ. ಕೋಲು, ದಾರ, ಗಾಳಗಳ ವಿವರವಿದೆ. ಯಾವ ಮೀನಿಗೆ ಯಾವ ಎರೆ ಎಂಬುದೂ ಇದೆ. ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂಬ ವಿಂಗಡಣೆಯೂ ಇದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನದ ಕಣ್ಣಿನಿಂದ ಓದಿ ಅಲ್ಲಿಯ ಮೀನುಗಳನ್ನು ಗುರುತಿಸಲು ಯತ್ನಿಸಿದರು. ‘ಮತ್ಸ್ಯವಿಶೇಷ’ ಎಂದು ಕೈತೊಳೆದುಕೊಳ್ಳದೆ ಪದದ ಹಿಂದಿನ ಪ್ರಾಣಿಯನ್ನು ಹುಡುಕುವುದು ಹೇಗೆ ಎಂಬುದಕ್ಕೆ ಅದು ಮಾದರಿ. ಅದನ್ನು ಮಾಡಿದವರು ಪ್ರಾಣಿಶಾಸ್ತ್ರದವರು, ಭಾಷೆಯ ವಿಭಾಗದವರಲ್ಲ ಎಂಬುದನ್ನೂ ಗಮನಿಸಬೇಕು.

ಅನಂತರ ಬಂದವನು ಹೆನ್ರಿ ಸಲ್ಲಿವನ್ ಥಾಮಸ್, ಮದರಾಸ್ ಸಿವಿಲ್ ಸೇವೆಯವನು, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದವನು. ಗಾಳದ ಕ್ರೀಡೆಯನ್ನು ಕುರಿತ ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲೇ. ಕಿಟ್ಟೆಲರ ನಿಘಂಟು ಹೊರಬಂದದ್ದೂ ಅದೇ ಊರಿನಿಂದ, 1894ರಲ್ಲಿ. ಮೀನಿನ ಪುಸ್ತಕ, ಮಾತಿನ ಪುಸ್ತಕ ಒಂದೇ ಊರಿನಲ್ಲಿ ಹುಟ್ಟಿದವು; ಒಂದು ಇನ್ನೊಂದರ ಮುಖ ನೋಡಿದಂತಿಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೊ ತೂಗಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳ ಶಿಬಿರಗಳಿಗೆ ಲೋಕದ ಮೂಲೆಮೂಲೆಯಿಂದ ಗಾಳಗಾರರು ಬಂದರು. ಹರಿಗೋಲು ನಡೆಸುವ ಸ್ಥಳೀಯರು ರಾಗಿಹಿಟ್ಟಿನ ಉಂಡೆ ಬೇಯಿಸಿ ಗಾಳಕ್ಕೆ ಮೆತ್ತಿಕೊಡುತ್ತಿದ್ದರು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ನೀರಿಗೇ ಬಿಡುವುದು ಅಲ್ಲಿಯ ನಿಯಮ.

ಲೋಕಪ್ರಸಿದ್ಧವಾದ ಆ ಮೀನಿಗೆ, ಕಿತ್ತಳೆ ಬಣ್ಣದ ರೆಕ್ಕೆಗಳ, ತಲೆಯ ಹಿಂದೆ ಗೂನು ಎದ್ದಿರುವ ಕಾವೇರಿಯ ಮಶೀರಿಗೆ, ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಹೊಳೆದಂಡೆಯ ಕನ್ನಡದಲ್ಲಿ ಮಶೀರ್ ಎಂದರೆ ‘ಬಿಳಿ ಮೀನು’. ಪುಸ್ತಕಗಳಲ್ಲಿ ಗೂನುಬೆನ್ನಿನದನ್ನು ಬಹುಕಾಲ ‘ಮುಸ್ಸುಲ್ಲಾ’ ಎಂದು ಕರೆಯುತ್ತಿದ್ದರು. ಈ ಹೆಸರಿನ ಕಥೆ ಮರಾಠಿ ನಾಡಿನದು. ಮುಂಬಯಿ ಸೇನೆಯ ಕರ್ನಲ್ ಸೈಕ್ಸ್ ದಖ್ಖನ್ನಿನ ಹೊಳೆಗಳ ಮೀನುಗಳನ್ನು 1839ರಲ್ಲಿ ವರ್ಣಿಸುವಾಗ ಅಲ್ಲಿಯ ಜನರ ಬಾಯಿಯ ಹೆಸರುಗಳನ್ನೇ ಲ್ಯಾಟಿನ್ನಿನ ಅಚ್ಚಿಗೆ ಹಾಕಿದ: ಖುದ್ರೀ, ಮುಸ್ಸುಲ್ಲಾ, ಕೋಲುಸ್, ನುಕ್ತಾ, ಪೊಟೈಲ್. ಮೂತಿಯ ಮೇಲೆ ಗಂಟಿರುವ ಮೀನಿಗೆ ನುಕ್ತಾ ಎಂಬ ಹೆಸರು ಎಷ್ಟು ಒಪ್ಪುತ್ತದೆ ಎಂಬುದನ್ನು ಮರಾಠಿ ಬಲ್ಲವರು ಕೂಡಲೇ ಗ್ರಹಿಸುತ್ತಾರೆ. ಸೈಕ್ಸನ ಕಿವಿ ಪರಕೀಯನ ಕಿವಿ, ಕಾಗುಣಿತ ಒರಟು. ಆದರೂ ಕೇಳಿದ್ದನ್ನು ಬರೆದಿಟ್ಟ ಎಂಬ ಮೆಚ್ಚುಗೆ ಅವನಿಗೆ ಸಲ್ಲಬೇಕು. ತೊಂದರೆಯಾದದ್ದು ಆಮೇಲೆ. ಅವನ ಮುಸ್ಸುಲ್ಲಾ ಮಶೀರೇ ಅಲ್ಲ, ಬೇರೊಂದು ಕುಲದ ಮೀನು ಎಂದು 2013ರಲ್ಲಿ ಭಾರತೀಯ ಸಂಶೋಧಕರು ತೋರಿಸಿದರು. ಅಂದರೆ ಒಂದು ಮರಾಠಿ ಪದ ತನ್ನ ದೇಹವನ್ನು ಕಳೆದುಕೊಂಡು, ನೂರಾರು ಮೈಲಿ ದಕ್ಷಿಣದ ಕಾವೇರಿಯ ಮೀನಿನ ಬೆನ್ನ ಮೇಲೆ ಹೋಗಿ ಕೂತಿತ್ತು.

ಹೆಸರಿನ ಗೊಂದಲ ಹೊಳೆಗೆ ಇಳಿದದ್ದು ಹೀಗೆ. ಮಶೀರ್ ಕಡಿಮೆಯಾಗುತ್ತಿದೆ ಎಂಬ ಕಳವಳದಿಂದ 1970ರ ದಶಕದಲ್ಲಿ ಲೋನಾವಳದ ಟಾಟಾ ಕೆರೆಗಳಲ್ಲಿ ಮಶೀರಿನ ಮರಿ ಬೆಳೆಸುವ ಕಾರ್ಯ ಶುರುವಾಯಿತು. ಉದ್ದೇಶ ಒಳ್ಳೆಯದೇ. ಬೆಳೆಸಿದ್ದು ಪುಣೆಯ ಮುಳಾ-ಮುಠಾ ಹೊಳೆಯಿಂದ ಸೈಕ್ಸ್ ವರ್ಣಿಸಿದ ಖುದ್ರೀ ಜಾತಿಯನ್ನು, ನೀಲಿ ರೆಕ್ಕೆಯ ಮಶೀರನ್ನು. ಆ ಮರಿಗಳು ಹಲವು ರಾಜ್ಯಗಳ ಹೊಳೆಗಳಿಗೆ ಹೋದವು. ಕಾವೇರಿಗೂ ನೀಲಿ ರೆಕ್ಕೆಯದು ಬಂದಿತು. ಎರಡೂ ‘ಮಶೀರ್’ ತಾನೆ? ಒಂದೇ ಹೆಸರಿನಡಿ ಇದ್ದವುಗಳನ್ನು ಬೇರೆ ಬೇರೆಯಾಗಿ ಕಾಣುವ ಅಗತ್ಯ ಯಾರಿಗೂ ತೋರಲಿಲ್ಲ.

ಸತ್ಯ ಹೊರಬಿದ್ದದ್ದು ಗಾಳಗಾರರ ದಿನಚರಿಯಿಂದ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹವ್ಯಾಸಿಗಳು ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು ಪರಿಶೀಲಿಸಿದರು. 23,600 ಗಂಟೆಗೂ ಮಿಕ್ಕಿದ ಗಾಳದ ದುಡಿಮೆ, 6,100ಕ್ಕೂ ಹೆಚ್ಚು ಮಶೀರ್‌ಗಳು. ಒಟ್ಟು ಲೆಕ್ಕ ನೋಡಿದರೆ ಸಂತೋಷಪಡಬೇಕು: ವರ್ಷದಿಂದ ವರ್ಷಕ್ಕೆ ಸಿಕ್ಕುವ ಮೀನಿನ ಸಂಖ್ಯೆ ಏರಿತ್ತು. ಎರಡು ಬಗೆಗಳನ್ನು ಬಿಡಿಸಿ ನೋಡಿದಾಗ ಮಾತ್ರ ಬೇರೆ ಚಿತ್ರ ಕಂಡಿತು. ಏರಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಅಳಿವಿನ ಅಂಚಿಗೆ ಸರಿದಿತ್ತು. ಮಶೀರ್ ಎಂಬ ಒಂದೇ ಪದ ಹದಿನೈದು ವರ್ಷ ಒಂದು ಸಾವನ್ನು ಮುಚ್ಚಿಟ್ಟಿತ್ತು. 2015ರಲ್ಲಿ ಈ ಸಂಗತಿ ಪ್ರಕಟವಾದಾಗಲೂ ಆ ಮೀನನ್ನು ಶಾಸ್ತ್ರೀಯ ಹೆಸರಿನಿಂದ ಕರೆಯುವಂತಿರಲಿಲ್ಲ. ಹೆಸರಿಲ್ಲದ ಜೀವಿಗೆ ಅಪಾಯದ ಕೆಂಪುಪಟ್ಟಿಯಲ್ಲಿ ಜಾಗವೂ ಸಿಗುವಂತಿರಲಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ತಪ್ಪಿದವರ ಪಾಡು ಬಲ್ಲ ದೇಶದಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಉತ್ತರ ದೊರೆತದ್ದು ಕಾವೇರಿಯ ಅತ್ಯಂತ ದಕ್ಷಿಣದ ಉಪನದಿಯಿಂದ. ಆನಮುಡಿಯ ಕಡೆಯಿಂದ ಇಳಿದು, ಮರಯೂರನ್ನು ಹಾದು ಅಮರಾವತಿಗೆ ಸೇರುವ ಪಾಂಬಾರ್ ಪಳನಿ ಬೆಟ್ಟಗಳ ಪಡುವಣ ನೆರೆಯ ಹೊಳೆ. ಪಾಂಬು ಎಂದರೆ ಹಾವು. ಹಳಗನ್ನಡದ ‘ಪಾವು’ ಬಲ್ಲವರಿಗೆ ಈ ಹೊಳೆಯ ಹೆಸರು ಪರಕೀಯವಲ್ಲ. ಅಲ್ಲಿಯ ಒಂದು ಮಶೀರನ್ನು ಕೇರಳದ ವಿಜ್ಞಾನಿಗಳಾದ ಕುರುಪ್ ಮತ್ತು ರಾಧಾಕೃಷ್ಣನ್ ಹೊಸ ಜಾತಿಯೆಂದು ವರ್ಣಿಸಿ, ಭಾರತೀಯ ಪ್ರಾಣಿಸರ್ವೇಕ್ಷಣ ಇಲಾಖೆಯ ಮತ್ಸ್ಯವಿಜ್ಞಾನಿ ರೆಮಾದೇವಿ ಅವರ ಗೌರವಾರ್ಥ ‘ಟಾರ್ ರೆಮಾದೇವಿಯೈ’ ಎಂದು ಹೆಸರಿಟ್ಟಿದ್ದರು. ಹೆಸರು ಕಾಗದದಲ್ಲಿ ತಣ್ಣಗೆ ಕೂತಿತ್ತು. ಸಂಶೋಧಕರು ಕಾವೇರಿಯ ಉಪನದಿಗಳನ್ನು ಜಾಲಾಡಿ, ಕರ್ನಾಟಕ–ತಮಿಳುನಾಡು ಗಡಿಯ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಹಿಡಿದು, ದೇಹಲಕ್ಷಣ, ವಂಶವಾಹಿ ಎರಡನ್ನೂ ತಾಳೆ ನೋಡಿದರು. ಕಾವೇರಿಯ ಗೂನುಬೆನ್ನಿನ ಮಶೀರ್, ಪಾಂಬಾರಿನ ರೆಮಾದೇವಿಯೈ ಎರಡೂ ಒಂದೇ ಎಂದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ ಜೀವಿ’ಗಳ ಕೆಂಪುಪಟ್ಟಿಗೆ ಸೇರಿತು. ಥಾಮಸನ ಪುಸ್ತಕಕ್ಕೆ ಆಗ 145 ವರ್ಷ.

ಇದೆಲ್ಲ ಪ್ರಾಣಿಶಾಸ್ತ್ರದ ಕೆಲಸ, ಕನ್ನಡ ವಿಭಾಗಕ್ಕೆ ಇದರಿಂದ ಏನು ಎಂಬ ಆಕ್ಷೇಪ ಬಂದೇ ಬರುತ್ತದೆ. ಉತ್ತರ ಹಿರಿಯೂರಿನಲ್ಲಿದೆ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ನನ ಪ್ರವಾಸಗ್ರಂಥ ಕನ್ನಡ ವಿದ್ಯಾರ್ಥಿಗಳಿಗೆ ಇತಿಹಾಸದ ಆಕರವಾಗಿ ಪರಿಚಿತ. 1807ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಹಿರಿಯೂರಿನ ಕಡೆಯ ವೇದಾವತಿ ಹೊಳೆಯ ಮೀನುಗಳ ವರ್ಣನೆಯೂ ಇದೆ. ಅವನಿಟ್ಟ ಹೆಸರುಗಳು ಬೆಂಡೆಲಿಸಿಸ್, ಕುರ್ಮುಕಾ, ಅರಿಜಾ. ಇವು ಲ್ಯಾಟಿನ್ ಪದಗಳಲ್ಲ; ಸೈಕ್ಸನಂತೆ ಅವನೂ ಊರಿನವರ ಬಾಯಿಂದ ಕೇಳಿದ್ದನ್ನೇ ಬರೆದುಕೊಂಡ. ಬೆಂಡೆಲಿಸಿಸ್ ಹಿಮಾಲಯದ ತೊರೆಗಳಲ್ಲೂ ಸಿಕ್ಕುವ ಮೀನು. ಕುಮಾವುನಿನ ಸಂಶೋಧಕ ಇಂದಿಗೂ ಬರೆಯುವುದು ವೇದಾವತಿಯ ದಂಡೆಯ ಆ ಹೆಸರನ್ನೇ. ಎರಡು ಶತಮಾನಗಳಿಂದ ಲೋಕವೆಲ್ಲ ಬಳಸುತ್ತಿರುವ ಈ ಪದಗಳ ಹಿಂದಿರುವ ಆಡುನುಡಿಯ ರೂಪವನ್ನು ಬಿಡಿಸುವುದು ಪ್ರಾಣಿಶಾಸ್ತ್ರದವರಿಗೆ ಆಗದ ಕೆಲಸ. ಚಿತ್ರದುರ್ಗ ಸೀಮೆಯ ಆಡುಮಾತು, ಪರಕೀಯನ ಕಿವಿಯಲ್ಲಿ ಕನ್ನಡದ ಧ್ವನಿಗಳು ಬದಲಾಗುವ ಬಗೆ, ಮೀನುಗಾರ ಕುಟುಂಬಗಳ ನೆನಪು ಇವುಗಳೆಲ್ಲ ಬೇಕು. ಎಂ.ಎ. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಡ. ಇಂಥ ವಿಷಯ ಇರುವಾಗ ‘ಇಂತಿಂಥವರ ಕಾದಂಬರಿಗಳಲ್ಲಿ ಸ್ತ್ರೀಪಾತ್ರಗಳು’ ಎಂಬುದನ್ನು ಮತ್ತೊಮ್ಮೆ ಬರೆಯುವವರ ಬಗ್ಗೆ ವ್ಯಥೆಯಾಗುತ್ತದೆ. ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಪ್ರಕಟಿಸಿದ ‘ಭಾರತದ ಮೀನುಗಳು’ ಗ್ರಂಥದಲ್ಲಿಯೂ ದೇಶಭಾಷೆಗಳ ಹೆಸರುಗಳಿವೆ, ಕನ್ನಡದವೂ ಸೇರಿ. ರೋಮನ್ ಲಿಪಿಯಿಂದ ಅವನ್ನು ಬಿಡಿಸಿ ಕನ್ನಡಕ್ಕೆ ತಂದು ಪರೀಕ್ಷಿಸುವ ಕೆಲಸವೂ ಕನ್ನಡದವರದೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಊರಿನ ಹೆಸರುಗಳು ನಂಬಿಕೆಗೆ ಅರ್ಹವಲ್ಲ, ಊರಿಗೊಂದಾಗಿ ಬದಲಾಗುತ್ತವೆ, ಒಂದೇ ಹೆಸರು ಹಲವು ಮೀನುಗಳಿಗೆ ಸಲ್ಲುತ್ತದೆ ಎಂಬುದು ವಿಜ್ಞಾನಿಗಳ ದೂರು. ದೂರು ನಿಜ. ಮಂಗಳೂರಿನ ಅಂಜಲ್ ಕಾರವಾರ ಮುಟ್ಟುವಷ್ಟರಲ್ಲಿ ಇಸ್ವಾಣ, ರತ್ನಾಗಿರಿಯಲ್ಲಿ ಸುರಮಯಿ, ಚೆನ್ನೈಯಲ್ಲಿ ವಂಜಿರಂ. ಬೂತಾಯಿ ಉತ್ತರ ಕನ್ನಡದಲ್ಲಿ ತಾರ್ಲೆ, ತಮಿಳಿನಲ್ಲಿ ಮತ್ತಿ. ಇದರ ವಿಲೋಮವೂ ಉಂಟು. ಆಳಕಡಲಿನಲ್ಲಿ ಹವ್ಯಾಸಿಯ ಗಾಳಕ್ಕೆ ಕೆಲವೊಮ್ಮೆ ವಾಹೂ ಎಂಬ ಮೀನು ಬೀಳುತ್ತದೆ. ಅಂಜಲಿನ ಬಳಗದ್ದೇ, ಅದೇ ಉದ್ದನೆಯ ಮೈ, ಅದೇ ಪಟ್ಟೆ, ಅದೇ ಹಲ್ಲು. ಅಂಜಲ್ ಎಂದೇ ಕರೆದು ಅಡುಗೆಮನೆಗೆ ಕೊಟ್ಟರೆ ಯಾರೂ ಆಕ್ಷೇಪಿಸರು. ತಿಳಿದವರು ಮೈಯ ಪಕ್ಕದ ಗೆರೆ ನೋಡುತ್ತಾರೆ. ವಾಹೂವಿನ ಗೆರೆ ಮೊದಲ ಬೆನ್ನುರೆಕ್ಕೆಯ ನಡುವಿನ ಕೆಳಗೇ ಥಟ್ಟನೆ ಇಳಿಯುತ್ತದೆ. ದೊಡ್ಡ ಅಂಜಲಿನದು ಎರಡನೆಯ ಬೆನ್ನುರೆಕ್ಕೆ ಮುಗಿಯುವಲ್ಲಿ ಇಳಿಯುತ್ತದೆ. ಕಿವಿರು ಬಿಡಿಸಿ ನೋಡಿದರೆ ವಾಹೂವಿಗೆ ಒಳಗಿನ ಬಾಚಣಿಗೆಯಂಥ ಮುಳ್ಳುಗಳೇ ಇಲ್ಲ. ಛಂದಸ್ಸಿನಲ್ಲಿ ಗಣ ಬಿಡಿಸುವವರಿಗೆ ಇದು ಕಷ್ಟದ ಕೆಲಸವಲ್ಲ. ಎಲ್ಲಿ ಮುರಿಯುತ್ತದೆ ಎಂಬುದನ್ನು ನೋಡಬೇಕು, ಅಷ್ಟೆ.

ಆದ್ದರಿಂದ ಊರಿನ ಹೆಸರನ್ನು ಕೈಬಿಡುವುದು ಈ ದೂರಿಗೆ ಪರಿಹಾರವಾಗದು. ಅದನ್ನು ಒಂದು ದೇಹಕ್ಕೆ ಗಟ್ಟಿಯಾಗಿ ಕಟ್ಟಬೇಕು. ಶಾಸ್ತ್ರೀಯ ಹೆಸರೂ ದೇಹದಿಂದ ಬಿಡಿಸಿಕೊಂಡಾಗ ಎಷ್ಟು ಅಲೆಯುತ್ತದೆ ಎಂಬುದನ್ನು ಮುಸ್ಸುಲ್ಲಾ ತೋರಿಸಿಕೊಟ್ಟಿದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಕನ್ನಡ ವಿದ್ಯಾರ್ಥಿಗಳು ‘ಮೀನಿನ ಹೆಸರುಗಳು’ ಎಂದು ಐವತ್ತು ಪದಗಳ ಪಟ್ಟಿ ತರುತ್ತಾರೆ. ಅದರ ಬದಲು ಐದೇ ಪದಗಳನ್ನು ತಂದರೂ ಸಾಕು. ಪ್ರತಿ ಹೆಸರಿನ ಜೊತೆಗೆ ರೆಕ್ಕೆ ಬಿಡಿಸಿ ಪಕ್ಕದಿಂದ ತೆಗೆದ ಫೋಟೊ ಇರಲಿ, ಅದರ ಬಗಲಲ್ಲಿ ಅಳತೆಪಟ್ಟಿ ಇರಲಿ. ಮೀಸೆ ಎಷ್ಟು ಜೊತೆ, ಪಕ್ಕದ ಗೆರೆಯ ಮೇಲೆ ಹುರುಪೆ ಎಷ್ಟು, ಯಾವ ಹೊಳೆಯ ಯಾವ ಮಡು, ಯಾವ ತಿಂಗಳು, ಹೆಸರು ಹೇಳಿದವರ ಮನೆಮಾತು ಯಾವುದು, ಅವರಿಗೆ ಅದನ್ನು ಹೇಳಿಕೊಟ್ಟವರು ಯಾರು ಎಂಬುದೂ ಇರಲಿ. ಮರಿಗೊಂದು, ಬೆಳೆದದ್ದಕ್ಕೆ ಇನ್ನೊಂದು ಹೆಸರಿಡುವ ಕಡೆಗಳಿವೆ, ಅದನ್ನೂ ಕೇಳಬೇಕು. ಫೋಟೊ ತೋರಿಸಿದರೆ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಬಂದಿವೆ. ಅವು ಹೇಳುವುದು ಇಂಗ್ಲಿಷಿನ, ಲ್ಯಾಟಿನ್ನಿನ ಹೆಸರನ್ನು. ಗೆಂಡೆಯ ಯಾವ ಬಗೆಗೆ ಕಂಬಂ ಕಣಿವೆಯ ಅಜ್ಜಿ ಏನೆನ್ನುತ್ತಾಳೆ ಎಂಬುದು ಅವುಗಳೊಳಗೆ ಯಾರೂ ಹಾಕಿಲ್ಲದ ಮಾಹಿತಿ.

ಆ ಕಣಿವೆಯಿಂದಲೇ ತೊಡಗುವುದು ಒಳ್ಳೆಯದೆನ್ನಲು ಕಾರಣವಿದೆ. ಮೈಸೂರು, ಧಾರವಾಡಗಳಲ್ಲಿ ಶಾಲೆಯ ಪುಸ್ತಕ, ಪತ್ರಿಕೆ, ಇಲಾಖೆ ಎಲ್ಲವೂ ಸೇರಿ ಊರಿನ ಹೆಸರುಗಳನ್ನು ಒಂದು ಹದಕ್ಕೆ ತಂದಿವೆ. ಕಪ್ಪಿಲಿಯರ, ಅನುಪ್ಪರ ಕನ್ನಡಕ್ಕೆ ಅಂಥ ಒತ್ತಡ ಬಿದ್ದಿಲ್ಲ; ಬಿದ್ದಿರುವುದು ತಮಿಳಿನ ಒತ್ತಡ, ಅದರ ಗುರುತು ಬೇರೆ. ಕನ್ನಡದವರು ಕೊರವ ಎನ್ನುವ, ಮರಾಠಿಗರು ಮರಳ ಎನ್ನುವ ಹಾವುತಲೆಯ ಮೀನು ತಮಿಳರಿಗೆ ವಿರಾಲ್. ಕಂಬಂ, ಚಿನ್ನಮನೂರುಗಳ ಸಂತೆಯಲ್ಲಿ ಅದನ್ನು ವಿರಾಲ್ ಎಂದು ಕೊಂಡವರು ಮನೆಯ ಒಲೆಯ ಮುಂದೆ ಯಾವ ಹೆಸರಿನಿಂದ ಕರೆಯುತ್ತಾರೆ? ತಾಯಿ ಒಂದು ಹೆಸರು, ಮಗಳು ಇನ್ನೊಂದು ಹೆಸರು ಹೇಳಿದರೆ ಎರಡನ್ನೂ ಬರೆದುಕೊಳ್ಳಬೇಕು. ಜಿಲೇಬಿಗೂ ಒಂದು ಮನೆಯ ಹೆಸರಿದ್ದರೆ ಅದು 1952ರ ಈಚೆಗೆ ಆ ಕನ್ನಡದಲ್ಲಿ ಹುಟ್ಟಿದ ಪದ. ಅಕ್ಷರದ ಆಸರೆಯಿಲ್ಲದ ನುಡಿಯೊಂದು ಹೊಸ ಪದವನ್ನು ಕಟ್ಟುವ ಬಗೆಯನ್ನು ಅದರಲ್ಲೇ ನೋಡಬಹುದು. ವೈಗೈ ಅಣೆಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ದಂಡೆಯಲ್ಲಿ ಗಾಳ ಹಾಕುವವರು ಹೆಚ್ಚು. ಸೆಮಿಸ್ಟರ್ ರಜೆಯೂ ಆಗಲೇ ಬರುತ್ತದೆ.